ದಕ್ಷಿಣದ ಗೋಡೆಯ ಮೇಲೆ ಸುಸಾನಾ

ನಮ್ಮ ಮಾವನವರು ದಿಕ್ಕಿನ ವಿಷಯದಲ್ಲಿ ಜೀವಮಾನದಲ್ಲಿ ಎಡವಿದ್ದು ಒಂದೇ ಸಲ, ಅದೂ ದಿಕ್ಸೂಚಿ ಕೈಯಲ್ಲಿದ್ದಾಗ. ಮೈಸೂರಿನ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಮೋರಿ, ಶಾಲಾ ಕಟ್ಟಡ ಅಂತ ಆಯುಷ್ಯವೆಲ್ಲ ಅಳೆದವರು ಚಿದಾನಂದಯ್ಯನವರು. ನಿವೃತ್ತರಾಗುವಾಗ ಆ ಹಿತ್ತಾಳೆಯ ದಿಕ್ಸೂಚಿಯನ್ನು ಇಲಾಖೆಗೆ ಯಾಕೆ ಹಿಂದಿರುಗಿಸಲಿಲ್ಲ ಅಂತ ನಾನು ಕೇಳಲು ಹೋಗಿಲ್ಲ. 2005ರ ಮಾರ್ಚ್‌ನಲ್ಲಿ ಅವರು ಆಕ್ಲೆಂಡಿಗೆ ಬಂದಿಳಿದಾಗ ಅವರ ಚಕ್ಕುಲಿ, ಕೋಡುಬಳೆ, ಮಾವಿನಮಿಡಿಯನ್ನೆಲ್ಲ ವಿಮಾನ ನಿಲ್ದಾಣದ ಅಧಿಕಾರಿಗಳು ಬಿಚ್ಚಿ ಬಿಚ್ಚಿ ನೋಡಿದರು. ದಿಕ್ಸೂಚಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುಟ್ಟಿ ಕಿತ್ತುಕೊಂಡಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಮೌಂಟ್ ರಾಸ್ಕಿಲ್‌ನ ನಮ್ಮ ಬಾಡಿಗೆ ಮನೆಗೆ ಕಾಲಿಟ್ಟ ಮರುದಿನವೇ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೋಣೆ ಕೋಣೆ ಸುತ್ತಿದರು. ಅಡುಗೆಮನೆ ಇರಬೇಕಾದಲ್ಲಿ ಇಲ್ಲ, ಮಲಗುವ ಕೋಣೆಯಲ್ಲಿ ತಲೆ ಉತ್ತರಕ್ಕೆ ಬರುತ್ತದೆ, ಬಾಗಿಲು ತೆಗೆದರೆ ನೆಟ್ಟಗೆ ಟಾಯ್ಲೆಟ್ ಕಾಣುತ್ತದೆ. ನನ್ನ ಗಂಡ ಮೃತ್ಯುಂಜಯ ಕಂಪ್ಯೂಟರಿನಿಂದ ತಲೆಯೆತ್ತದೆ, "ಅಪ್ಪಾ, ಇದು ರೆಂಟ್ ಮನೆ. ಗೋಡೆ ಕಿತ್ತು ತಿರುಗಿಸಕ್ಕಾಗಲ್ಲ" ಅಂದ. ಮಾವನವರು ಸುಮ್ಮನಾದರು. ಸುಮ್ಮನಾಗುವುದಕ್ಕೂ ಒಪ್ಪುವುದಕ್ಕೂ ಅವರಲ್ಲಿ ಬಹಳ ಅಂತರವಿದೆ ಅನ್ನುವುದು ಸೊಸೆಯಾದ ನನಗೆ ಗೊತ್ತಿತ್ತು.

ಪಕ್ಕದ ಮನೆಯ ಎನಿಡ್ ಮದುವೆಯಾಗದೆ ಉಳಿದ ಎಂಬತ್ತು ದಾಟಿದ ಮುದುಕಿ. ಅಣ್ಣತಮ್ಮಂದಿರಿಲ್ಲ, ಅಕ್ಕತಂಗಿಯರಿಲ್ಲ. ಕಣ್ಣಿನ ನಡುವಿನ ದೃಷ್ಟಿ ಹೋಗಿತ್ತು. ನಮ್ಮ ಮುಖ ನೋಡಬೇಕೆಂದರೆ ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಿದ್ದಳು. ಆದರೆ ನೆನಪು ಮಾತ್ರ ಹರಿತ. ಅವಳ ಮನೆಯ ಕತ್ತಲೆಯ ಹಜಾರದಲ್ಲಿ, ಬಚ್ಚಲುಮನೆಯ ಎದುರಿಗೆ, ಒಂದು ಹಳೆಯ ಇಂಗ್ಲಿಷ್ ಭಾವಚಿತ್ರವಿತ್ತು. ನೀರುಬಣ್ಣದ್ದು, ಗಾಜು ಹಾಕಿದ್ದು. ಬೂದುಬಣ್ಣದ ಗೌನು ತೊಟ್ಟ ಹೆಂಗಸು, ಕಿವಿಯ ಮೇಲೆ ಕೂದಲಿನ ಸುರುಳಿ. ಎಡಗಿವಿಯ ಕೆಳಗೆ, ಕತ್ತು ಶುರುವಾಗುವಲ್ಲಿ, ಕೆಂಪು ಮಚ್ಚೆ.

ಆ ಚಿತ್ರದ ಕಥೆಯನ್ನು ಎನಿಡ್ ಬಾಯಿಪಾಠ ಮಾಡಿಕೊಂಡಿದ್ದಳು. ಹೇಳುವಾಗ ಒಂದು ಮಾತೂ ಹಿಂದುಮುಂದಾಗುತ್ತಿರಲಿಲ್ಲ. ಚಿತ್ರದಲ್ಲಿರುವವಳು ಸುಸಾನಾ, ಇಂಗ್ಲೆಂಡಿನ ಡೆವನ್‌ನವಳು. ಊರೂರು ಸುತ್ತುವ ಚಿತ್ರಕಾರನೊಬ್ಬ ಅವಳನ್ನೂ ಅವಳ ತಂಗಿ ಮೇರಿಯನ್ನೂ ಒಂದೇ ಕುರ್ಚಿಯಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ಕೂರಿಸಿ ಬರೆದ. ಮಚ್ಚೆ ಬೇಡ ಅಂತ ಮನೆಯವರು ಹೇಳಿದರೂ ಸುಸಾನಾ ಹಟ ಹಿಡಿದು ಬರೆಸಿದಳಂತೆ. ಸುಸಾನಾಳಿಂದ ಚಿತ್ರ ಮಗಳು ಜೇನ್‌ಗೆ ಬಂತು. ಜೇನ್ ಅದನ್ನು ಹಡಗಿನಲ್ಲಿ ಹಾಸಿಗೆಯ ನಡುವೆ ಸುತ್ತಿಟ್ಟುಕೊಂಡು ಈ ದೇಶಕ್ಕೆ ತಂದಳು. ಜೇನ್ ಮಗಳು ಈಡಿತ್. ಈಡಿತ್‌ಳ ಗಂಡ ಕುಡುಕ, ಒಂದು ದಿನ ಚಿತ್ರವನ್ನು ಹೊತ್ತುಕೊಂಡು ಹೋಗಿ ಯಾರಿಗೋ ಕೊಟ್ಟುಬಿಟ್ಟ. ಎಲ್ಲಿ ಹೋಯಿತು, ಯಾರ ಕೈ ಸೇರಿತು ಅನ್ನುವುದು ಯಾರಿಗೂ ತಿಳಿಯದೆ ಎಷ್ಟೋ ವರ್ಷ ಕಳೆದವು. ಆಮೇಲೆ ಎನಿಡ್‌ಳ ಅಪ್ಪ ಈ ದೇಶದಲ್ಲೇ ಇರುವ ಥೇಮ್ಸ್ ಊರಿನ ಒಂದು ಹೋಟೆಲಿನ ಕಾರಿಡಾರಿನಲ್ಲಿ ನಡೆಯುವಾಗ ಗೋಡೆಯ ಮೇಲೆ ತನ್ನ ಹೆಂಡತಿಯ ಮಚ್ಚೆಯನ್ನು ಕಂಡ. ಹೆಂಡತಿ ಅಂದರೆ ಈಡಿತ್‌ಳ ಮಗಳು. ತನ್ನ ಕುದುರೆಯ ಹೊಸ ಜೀನನ್ನು ಹೋಟೆಲಿನವನಿಗೆ ಬಿಟ್ಟು ಚಿತ್ರ ತಂದ.

ಇಷ್ಟು ಹೇಳಿ ಎನಿಡ್ ತನ್ನ ಬಿಳಿಗೂದಲನ್ನು ಎತ್ತಿ ಎಡಗಿವಿಯ ಕೆಳಗೆ ತೋರಿಸುತ್ತಿದ್ದಳು. ಅವಳಿಗೂ ಅದೇ ಜಾಗದಲ್ಲಿ ಅದೇ ಮಚ್ಚೆ.

ಮಾವನವರಿಗೆ ಇಂಗ್ಲಿಷ್ ಓದಲು ಬರುತ್ತದೆ, ಎನಿಡ್‌ಳ ಬಾಯಿಂದ ಬರುವ ಇಂಗ್ಲಿಷ್ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ನಾನು ನಡುವೆ ನಿಂತು ಹೇಳಬೇಕಿತ್ತು. ತಾಯಿ, ಅಜ್ಜಿ, ಮುತ್ತಜ್ಜಿ ಅಂತ ಅವಳು ತಡವರಿಸದೆ ಹೆಸರು ಹೇಳಿದ್ದು ಕೇಳಿ ಮಾವನವರು ಮೆಚ್ಚಿದರು. ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳಿ ಅಂದರೆ ಈಗಿನವರು ಮೊಬೈಲಿನಲ್ಲಿ ಅಣ್ಣನಿಗೆ ಫೋನ್ ಮಾಡುತ್ತಾರೆ ಅನ್ನುವುದು ಅವರ ಹಳೆಯ ದೂರು. ಆಗಲೂ ಮಗನ ಕಡೆ ನೋಡಿಯೇ ಹೇಳಿದರು. ಚಿತ್ರವನ್ನು ಹತ್ತಿರದಿಂದ ನೋಡಿ, ಎನಿಡ್‌ಳ ಕತ್ತನ್ನೂ ನೋಡಿ, "ವಂಶದ ಗುರುತು ಕಣಮ್ಮಾ. ಯಾರೂ ಅಲ್ಲ ಅನ್ನಂಗಿಲ್ಲ" ಅಂದರು.

ಅಲ್ಲ ಅನ್ನುವವರು ಇದ್ದರು ಅನ್ನುವುದೇ ಎನಿಡ್‌ಳ ಸಂಕಟ. ಡೆವನ್‌ನ ಒಂದು ಚಿಕ್ಕ ವಸ್ತುಸಂಗ್ರಹಾಲಯದಲ್ಲಿ ತಂಗಿ ಮೇರಿಯ ಚಿತ್ರವಿತ್ತು. ಅಕ್ಕನದೂ ಒಂದು ಚಿತ್ರ ಬರೆಸಿದ್ದರು, ಅವಳಿಗೆ ಕೆಂಪು ಮಚ್ಚೆ ಇತ್ತು ಅನ್ನುವುದೂ ಅಲ್ಲಿನವರಿಗೆ ಗೊತ್ತಿತ್ತು. ಆದರೆ ಆ ಚಿತ್ರಕಾರ ಅದೇ ಕುರ್ಚಿಯಲ್ಲಿ ಊರಿನ ಅರ್ಧ ಹೆಂಗಸರನ್ನು ಕೂರಿಸಿ ಬರೆದಿದ್ದ. ನಡುವೆ ಚಿತ್ರ ಕೈತಪ್ಪಿದ ವರ್ಷಗಳಿವೆಯಲ್ಲ, ಹೋಟೆಲಿನಲ್ಲಿ ಸಿಕ್ಕಿದ್ದು ಅದೇ ಚಿತ್ರ ಅನ್ನುವುದಕ್ಕೆ ಏನು ಸಾಕ್ಷಿ ಅಂತ ಅವರು ಕೇಳಿದ್ದರು. ಮಚ್ಚೆಯೊಂದೇ ಸಾಕ್ಷಿ. ಎನಿಡ್‌ಳ ಹತ್ತಿರ ಇದ್ದ ಹಳೆಯ ಫೋಟೋಗಳೆಲ್ಲ ಕಪ್ಪುಬಿಳುಪು, ಅದರಲ್ಲಿ ಮಚ್ಚೆಯೋ ನೆರಳೋ ಹೇಳುವ ಹಾಗಿರಲಿಲ್ಲ. ಆಕ್ಲೆಂಡಿನ ಬಲ್ಲವರೊಬ್ಬರು ಕಣ್ಣಾರೆ ನೋಡಿ ಬರೆದುಕೊಟ್ಟರೆ ಸುಸಾನಾ ಅನ್ನುವ ಹೆಸರನ್ನು ದಾಖಲಿಸುತ್ತೇವೆ ಅಂತ ಅವರು ಒಪ್ಪಿದ್ದರು.

"ನನ್ನ ನಂತರ ಯಾರಿದ್ದಾರೆ?" ಅಂತ ಎನಿಡ್ ನನ್ನನ್ನು ಕೇಳಿದ್ದಳು. "ನಾನು ಸತ್ತ ದಿನ ಅವಳು ಯಾರೋ ಒಬ್ಬ ಹೆಂಗಸಾಗಿಬಿಡುತ್ತಾಳೆ. ಅದಕ್ಕೆ ಮುಂಚೆ ಹೆಸರು ಬರೆಸಬೇಕು."

ಏಪ್ರಿಲ್‌ನಲ್ಲಿ ಎನಿಡ್ ಹಿತ್ತಲಿನ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ನೇರ ವೃದ್ಧರ ಆರೈಕೆಮನೆಗೆ ಹೋಗಬೇಕಾಯಿತು. ಅಲ್ಲಿ ಚಿತ್ರ ಇಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಅಂತ ಅವಳಿಗೆ ಭಯ. ಹಾಸಿಗೆಯಲ್ಲಿ ಮಲಗಿಕೊಂಡೇ ಮನೆಯ ಬೀಗದ ಕೈ ನನ್ನ ಕೈಗಿಟ್ಟು, "ನಿಮ್ಮ ಹಜಾರದಲ್ಲಿ ಹಾಕು. ಅವಳಿಗೆ ಹಜಾರವೇ ಅಭ್ಯಾಸ" ಅಂದಳು. ಯಾಕೆ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ನಮ್ಮ ಹಜಾರದಲ್ಲೂ ಎದುರಿಗೆ ಇರುವುದು ಟಾಯ್ಲೆಟ್ಟೇ.

"ಹಿರಿಯರನ್ನ ತಗೊಂಡೋಗಿ ಕಕ್ಕಸಿನ ಎದುರಿಗೆ ನೇತಾಕ್ತೀಯಾ?" ಅಂತ ಮಾವನವರು ಕೇಳಿದರು. ನನ್ನ ಕೈಯಿಂದ ಚಿತ್ರ ಇಸಿದುಕೊಂಡೇ ಕೇಳಿದರು.

"ಎನಿಡ್ ಹಂಗೇ ಹೇಳಿದಾಳೆ ಮಾವ."

"ಅವಳಿಗೆ ಗೊತ್ತಿಲ್ಲ, ಹೇಳಿದಾಳೆ. ನಮಗೆ ಗೊತ್ತಿದ್ದೂ ಮಾಡಬಹುದಾ? ತೀರಿಕೊಂಡೋರ ಪಟ ದಕ್ಷಿಣದ ಗೋಡೆಗಿರಬೇಕು, ಮುಖ ಉತ್ತರಕ್ಕಿರಬೇಕು. ಇನ್ನೊಬ್ಬರ ಮನೆ ಹಿರಿಯರು ನಮ್ಮನೆಗೆ ಬಂದಿದಾರೆ ಅಂದ್ರೆ ಸುಮ್ಮನೆ ಅಲ್ಲ."

ದಿಕ್ಸೂಚಿ ಹೊರಬಂತು. ಮನೆಯ ಉತ್ತರಕ್ಕೆ ಒಂದು ಸನ್‌ರೂಮ್ ಇತ್ತು, ಹಳೆಯ ವರಾಂಡಕ್ಕೆ ಗಾಜು ಹಾಕಿ ಮುಚ್ಚಿದ ಉದ್ದನೆಯ ಇಕ್ಕಟ್ಟು ಕೋಣೆ. ಅದರ ದಕ್ಷಿಣದ ಗೋಡೆಯಲ್ಲಿ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಕೊಕ್ಕೆಯೂ ಇತ್ತು. ಹೊಸ ಮೊಳೆ ಹೊಡೆಯುವ ರಗಳೆಯಿಲ್ಲವಲ್ಲ ಅಂತ ನಾನು ಬಾಯಿ ಮುಚ್ಚಿಕೊಂಡೆ. ಮಾವನವರು ಚಿತ್ರ ನೇತುಹಾಕಿ, ಓರೆಯಾಗಿಲ್ಲ ತಾನೇ ಅಂತ ಹಿಂದೆ ಸರಿದು ನೋಡಿ, ಕೆಳಗೆ ಪುಟ್ಟ ಮೇಜಿಟ್ಟು, ಹಿತ್ತಲಿನ ಕಮೀಲಿಯಾ ಹೂವೊಂದನ್ನು ಇಟ್ಟರು.

ಮೈಸೂರಿನ ಮನೆಯಲ್ಲಾದರೆ ದಕ್ಷಿಣದ ಗೋಡೆಯ ಒಳಮೈ ಹೆಚ್ಚುಕಡಿಮೆ ವರ್ಷವೆಲ್ಲ ನೆರಳಿನಲ್ಲಿರುತ್ತದೆ. ಈ ದೇಶದಲ್ಲಿ ಸೂರ್ಯ ಹಾಯುವುದು ಉತ್ತರದಲ್ಲಿ. ಅದಕ್ಕೇ ಇಲ್ಲಿನವರು ಉತ್ತರಕ್ಕೆ ಗಾಜು ಹಾಕಿಸುತ್ತಾರೆ, ಬಾಡಿಗೆ ಜಾಹೀರಾತಿನಲ್ಲಿ 'ಉತ್ತರಾಭಿಮುಖ, ಒಳ್ಳೆಯ ಬಿಸಿಲು' ಅಂತ ಬರೆಯುತ್ತಾರೆ. ನಾವೂ ಅದನ್ನು ಓದಿಯೇ ಆ ಮನೆ ಹಿಡಿದದ್ದು. ಚಳಿಗಾಲ ಬಂದು ಸೂರ್ಯ ಕೆಳಗಿಳಿದಷ್ಟೂ ಬಿಸಿಲು ಗಾಜು ದಾಟಿ ನೇರ ಆ ಗೋಡೆಗೆ ಬೀಳುತ್ತಿತ್ತು.

ಮಾವನವರು ಅದನ್ನು ನೋಡದೆ ಇರಲಿಲ್ಲ. ನೋಡಿ ಸಂತೋಷಪಟ್ಟರು. ಶಾಲು ಹೊದ್ದು, ಕಾಫಿ ಲೋಟ ಹಿಡಿದು, ಬಿಸಿಲು ಕಾಯಿಸಿಕೊಳ್ಳುತ್ತಾ ಅಲ್ಲೇ ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ನನ್ನನ್ನು ಕೂಗಿ ಕರೆದರು. ಬಿಸಿಲು ಸುಸಾನಾಳ ಗೌನು ಹತ್ತಿ, ಕತ್ತು ಹತ್ತಿ, ಮುಖಕ್ಕೆ ಬಂದಿತ್ತು.

"ನೋಡಮ್ಮಾ, ಬೆಂಗಳೂರಿನ ಗವಿಗಂಗಾಧರೇಶ್ವರನ ಮೇಲೆ ಸಂಕ್ರಾಂತಿ ದಿನ ಬಿಸಿಲು ಬೀಳುತ್ತೆ. ವರ್ಷಕ್ಕೊಂದು ಸಲ. ಜನ ಮುಗಿಬೀಳ್ತಾರೆ. ಈಯಮ್ಮನಿಗೆ ದಿನಾ ಬಂದು ನಮಸ್ಕಾರ ಮಾಡ್ಕೊಂಡು ಹೋಗ್ತಾನೆ ಸೂರ್ಯ."

ನನಗೆ ಬಸ್ಸಿಗೆ ಹೊತ್ತಾಗುತ್ತಿತ್ತು. ಹೌದು ಮಾವ ಅಂದೆ. ನಿಜ ಹೇಳಬೇಕೆಂದರೆ ನೋಡಲು ಚೆನ್ನಾಗಿಯೇ ಇತ್ತು.

ದಿನವೂ ನೋಡುವ ಮುಖ ಬದಲಾದದ್ದು ಗೊತ್ತಾಗುವುದಿಲ್ಲ. ಮಾವನವರಿಗೂ ಗೊತ್ತಾಗಲಿಲ್ಲ, ವಾರಕ್ಕೊಮ್ಮೆ ಗಾಜು ಒರೆಸುತ್ತಿದ್ದ ನನಗೂ ಗೊತ್ತಾಗಲಿಲ್ಲ. ಮೃತ್ಯುಂಜಯನಂತೂ ಮನೆಯಲ್ಲಿ ಹೊಸ ಸೋಫಾ ತಂದಿಟ್ಟರೂ ಗಮನಿಸುವವನಲ್ಲ. ಆರೈಕೆಮನೆಗೆ ಹೋದಾಗಲೆಲ್ಲ ಎನಿಡ್, "ಹೇಗಿದ್ದಾಳೆ?" ಅಂತ ಕೇಳುತ್ತಿದ್ದಳು. ಚೆನ್ನಾಗಿದ್ದಾಳೆ, ನಮ್ಮ ಮಾವ ದಿನಾ ಹೂವಿಡುತ್ತಾರೆ ಅಂತ ಹೇಳುತ್ತಿದ್ದೆ. ಅವಳಿಗೆ ಅದು ಬಹಳ ಇಷ್ಟವಾಗಿತ್ತು.

ಅಕ್ಟೋಬರ್‌ನಲ್ಲಿ ಬಲ್ಲವರು ಬರುವುದು ಗೊತ್ತಾಯಿತು. ಹೆಲೆನ್ ಅಂತ, ಹಳೆಯ ಕಾಗದದ ಚಿತ್ರಗಳನ್ನು ಪರೀಕ್ಷಿಸುವುದೇ ಅವಳ ಕೆಲಸ. ಎನಿಡ್ ಹಟ ಮಾಡಿ ತಾನೂ ಬಂದಳು. ಆರೈಕೆಮನೆಯ ವ್ಯಾನಿನಿಂದ ಗಾಲಿಕುರ್ಚಿಯಲ್ಲಿ ಇಳಿಸಿದರು. ನೀಲಿ ಕೋಟು, ಮುತ್ತಿನ ಸರ, ತುಟಿಗೆ ಬಣ್ಣ. ಮನೆಮಗಳ ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದವಳ ಸಡಗರ ಅವಳದು. ನಾನು ಕೇಸರಿಬಾತು ಮಾಡಿದ್ದೆ. ಮಾವನವರು ಚಿತ್ರವನ್ನು ಕೊಕ್ಕೆಯಿಂದ ಇಳಿಸಿ, ಒರೆಸಿ, ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಅದರ ಮೇಲಿಟ್ಟರು.

ಹೆಲೆನ್ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಬಗ್ಗಿದಳು. ಮೇಲಿನಿಂದ ನೋಡಿದಳು, ಓರೆಯಿಂದ ನೋಡಿದಳು, ಪುಟ್ಟ ದೀಪ ಹಚ್ಚಿ ನೋಡಿದಳು. ಕುರ್ಚಿ ಅದೇ, ಪರದೆ ಅದೇ, ಚಿತ್ರಕಾರ ಅವನೇ ಅಂದಳು. ಎನಿಡ್ ಪ್ರತಿಯೊಂದಕ್ಕೂ ತಲೆಯಾಡಿಸಿದಳು.

"ಮಚ್ಚೆ ಎಲ್ಲಿದೆ ಅಂದಿರಿ?"

ಎನಿಡ್ ಕೈ ಚಾಚಿದಳು. ಮುಖದ ನಡುವನ್ನು ಆ ಕಣ್ಣುಗಳು ಕಂಡು ವರ್ಷಗಳಾಗಿದ್ದವು. ಬೆರಳು ಮಾತ್ರ ಚೌಕಟ್ಟಿನ ಮೂಲೆಯಿಂದ ಗಾಜಿನ ಮೇಲೆ ಸರಿದು, ಕೂದಲ ಸುರುಳಿ ಮುಗಿಯುವಲ್ಲಿ, ಕಿವಿಯ ಕೆಳಗೆ ಬಂದು ನಿಂತಿತು.

"ಇಲ್ಲಿ" ಅಂದಳು.

ನಾನು ಬಗ್ಗಿ ನೋಡಿದೆ. ಅವಳ ಬೆರಳಿನ ಸುತ್ತ ಬರೀ ಕಾಗದದ ಬಣ್ಣವಿತ್ತು. ಆಗ ನನಗೆ ಇಡೀ ಮುಖ ಕಂಡಿತು. ಕೆನ್ನೆಯಲ್ಲಿ ಕೆಂಪಿರಲಿಲ್ಲ, ತುಟಿ ಇದ್ದಲ್ಲಿ ಬೂದುಗೆರೆ.

"ಎಲ್ಲಾ ಯಾಕೆ ಸುಮ್ಮನಾದಿರಿ?" ಅಂತ ಎನಿಡ್ ಕೇಳಿದಳು. ಬೆರಳು ಇನ್ನೂ ಅಲ್ಲೇ ಇತ್ತು.

ಹೆಲೆನ್ ನನ್ನ ಕಡೆ ತಿರುಗಿ, ಚಿತ್ರ ಎಲ್ಲಿ ನೇತುಹಾಕಿದ್ದಿರಿ ಅಂದಳು. ಸನ್‌ರೂಮಿನ ಬಾಗಿಲು ತೆಗೆದು ತೋರಿಸಿದೆ. ಕೊಕ್ಕೆಯ ಕೆಳಗೆ ಬಿಸಿಲು ಬಿದ್ದಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಆ ಕಾಲದ ಕೆಂಪು ಬಣ್ಣ ಬಹಳ ನಾಜೂಕಿನದು, ಕತ್ತಲೆಯಲ್ಲಿಟ್ಟರೆ ನೂರಾರು ವರ್ಷ ಇರುತ್ತದೆ, ನೇರ ಬಿಸಿಲಿಗೆ ಹಿಡಿದರೆ ಕೆಲವು ತಿಂಗಳು ಸಾಕು, ಒಮ್ಮೆ ಹಾರಿಹೋದರೆ ಮತ್ತೆ ತರಿಸಲು ದಾರಿಯಿಲ್ಲ ಅಂತ ಮೆಲ್ಲಗೆ ಹೇಳಿದಳು. ಮೆಲ್ಲಗೆ ಹೇಳಿದ್ದು ಎನಿಡ್‌ಗೂ ಕೇಳಿಸಿತು. ಅವಳ ಕಿವಿಗೆ ಏನೂ ಆಗಿರಲಿಲ್ಲ.

"ಏನಂತಮ್ಮಾ?" ಅಂದರು ಮಾವನವರು.

"ಮಚ್ಚೆ ಹೋಗಿದೆಯಂತೆ ಮಾವ. ಬಿಸಿಲಿಗೆ."

ಅವರು ಓದುವ ಕನ್ನಡಕ ಹಾಕಿಕೊಂಡು ಬಂದು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಎಡಗಡೆ ಹುಡುಕಿ, ಎಲ್ಲಿ ನಾನೇ ಮರೆತೆನೋ ಅನ್ನುವ ಹಾಗೆ ಬಲಗಡೆಯೂ ಹುಡುಕಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ಇತ್ತಲ್ಲಮ್ಮಾ" ಅಂದರು. "ನಾನೇ ನೋಡಿದೀನಿ. ಹೂವಿಡೋವಾಗ ದಿನಾ ನೋಡಿದೀನಿ."

ನನಗೆ ಸಿಟ್ಟು ಬಂತು. ಅವರ ಮೇಲೋ, ಬಸ್ಸಿಗೆ ಓಡಿದ ನನ್ನ ಮೇಲೋ, ದೇಶ ಬದಲಾದರೆ ದಾರಿಯನ್ನೂ ಬದಲಾಯಿಸುವ ಆ ಸೂರ್ಯನ ಮೇಲೋ, ತಿಳಿಯಲಿಲ್ಲ. ಸಿಟ್ಟಾಗಿಯಾದರೂ ಏನು ಮಾಡುವುದು ಅನ್ನುವುದೂ ತಿಳಿಯಲಿಲ್ಲ.

ಮಾವನವರು ಎದ್ದು ಗಾಲಿಕುರ್ಚಿಯ ಮುಂದೆ ಕೈಮುಗಿದು ನಿಂತರು. ನೀನು ಹೇಳು, ಒಂದೂ ಬಿಡದೆ ಹೇಳು ಅಂತ ನನಗೆ ಅಂದರು. ದಕ್ಷಿಣ ಹಿರಿಯರ ದಿಕ್ಕು, ಟಾಯ್ಲೆಟ್ ಎದುರಿಗೆ ಅವರನ್ನು ನಿಲ್ಲಿಸಲು ಮನಸ್ಸು ಬರಲಿಲ್ಲ, ಬಿಸಿಲು ಮೈಮೇಲೆ ಬಿದ್ದದ್ದನ್ನು ಪುಣ್ಯ ಅಂದುಕೊಂಡೆ ಅಂತ. ನಾನು ಹೇಳಿದೆ. ಕನ್ನಡದಲ್ಲಿ ಭಕ್ತಿಯಾಗಿದ್ದದ್ದು ನನ್ನ ಇಂಗ್ಲಿಷಿನಲ್ಲಿ ದಡ್ಡತನವಾಗಿ ಹೊರಬರುತ್ತಿತ್ತು. ಹೆಲೆನ್ ನೆಲ ನೋಡುತ್ತಿದ್ದಳು.

ಎನಿಡ್ ಕೊನೆಯವರೆಗೂ ಕೇಳಿದಳು. "ನಮ್ಮಮ್ಮ ಅವಳನ್ನು ಆ ಕತ್ತಲೆಯಲ್ಲಿ ಯಾಕೆ ಇಟ್ಟಿದ್ದಳು ಅಂತ ನಾನು ಒಂದು ದಿನವೂ ಕೇಳಲಿಲ್ಲ" ಅಂದಳು. ಮತ್ತೆ ಅಂದಳು, "ಕೇಳಿದ್ದರೆ ನಿಮಗೆ ಹೇಳುತ್ತಿದ್ದೆ."

ಮೃತ್ಯುಂಜಯ ಲ್ಯಾಪ್‌ಟಾಪ್ ತಂದು ಫೋಟೋಗಳನ್ನೆಲ್ಲ ಜಾಲಾಡಿದ. ಮೇ ತಿಂಗಳಲ್ಲಿ ಅಪ್ಪನ ಹುಟ್ಟಿದಹಬ್ಬಕ್ಕೆ ಆ ಚಿತ್ರದ ಮುಂದೆಯೇ ನಿಲ್ಲಿಸಿ ತೆಗೆದದ್ದೊಂದಿತ್ತು. ಮಾವನವರು ಜರಿಪಂಚೆ ಉಟ್ಟು ನಗುತ್ತಿದ್ದರು. ಹಿಂದೆ ಸುಸಾನಾ ಇದ್ದಳು, ಗೌನು ಇತ್ತು, ಕೈಗಳಿದ್ದವು. ಕತ್ತಿನಿಂದ ಮೇಲಕ್ಕೆ ಗಾಜಿನ ಮೇಲೆ ಫ್ಲ್ಯಾಶ್ ಬಿದ್ದು ಬಿಳಿಯ ಚುಕ್ಕೆ. ಅವನು ಅದನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಬಿಳಿಯೇ ದೊಡ್ಡದಾಯಿತು.

ಆಗ ಎನಿಡ್ ತನ್ನ ಕೂದಲನ್ನು ಎತ್ತಿ ಹಿಡಿದು, ಕತ್ತನ್ನು ಹೆಲೆನ್ ಕಡೆಗೆ ಓರೆ ಮಾಡಿದಳು. "ಇದನ್ನು ನೋಡಿ ಬರೆ. ಅಲ್ಲಿದ್ದದ್ದು ಇದೇ."

ಮಾವನವರು ಯಾರೂ ಕರೆಯದೆ ಹತ್ತಿರ ಹೋಗಿ ಬಗ್ಗಿ ನೋಡಿದರು. "ಇದೇ ಬಣ್ಣ. ಇದಕ್ಕಿಂತ ಒಂಚೂರು ಚಿಕ್ಕದು, ಕೆಳಗಡೆ ಬಾಲ ಇದ್ದಂಗಿತ್ತು" ಅಂದರು.

"ಏನು ಹೇಳಿದರು?" ಎನಿಡ್ ಕೇಳಿದಳು. ಹೇಳಿದೆ. ಅವಳ ಮುಖ ಒಂದು ಕ್ಷಣ ಬೆಳಗಿತು. "ಹೌದು, ಬಾಲವಿತ್ತು. ನಾನೇ ಮರೆತಿದ್ದೆ. ಹೆಲೆನ್, ಅದನ್ನು ಬರೆದುಕೋ."

ಹೆಲೆನ್ ಪೆನ್ನು ಎತ್ತಿಕೊಂಡು, ಇವರನ್ನು ಬಿಟ್ಟು ಬೇರೆ ಯಾರಾದರೂ ನೋಡಿದ್ದಾರಾ ಅಂತ ನನ್ನನ್ನು ಕೇಳಿದಳು. ನಾನು ನೋಡಿದ್ದೇನೆ ಅಂದೆ. ಎಷ್ಟು ದೊಡ್ಡದು, ಯಾವ ಆಕಾರ ಅಂದಳು. ಗಾಜು ಒರೆಸಿದ್ದು ನೆನಪಿತ್ತು, ಬಟ್ಟೆ ನೆನಪಿತ್ತು. ಕೆಂಪಗಿತ್ತು ಅನ್ನುವುದಕ್ಕಿಂತ ಹೆಚ್ಚಿಗೆ ನನ್ನ ಬಾಯಲ್ಲಿ ಏನೂ ಬರಲಿಲ್ಲ.

"ನಿಮ್ಮೆಲ್ಲರ ಮಾತನ್ನೂ ನಾನು ನಂಬುತ್ತೇನೆ" ಅಂದಳು ಹೆಲೆನ್. "ನಾನು ನಂಬಿದರೆ ಸಾಲುವುದಿಲ್ಲ. ಕಾಗದದ ಮೇಲೆ ಇಲ್ಲದ್ದನ್ನು ಇದೆ ಅಂತ ನಾನು ಬರೆಯಲಾರೆ." ಎನಿಡ್ ಕೂದಲನ್ನು ಎತ್ತಿ ಹಿಡಿದೇ ಇದ್ದಳು. ಇಳಿಸಿ ಅನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಕೈ ಸೋತು ತಾನೇ ಕೆಳಗಿಳಿಯಿತು. ಕೇಸರಿಬಾತನ್ನು ಯಾರೂ ಮುಟ್ಟಲಿಲ್ಲ.

ನವೆಂಬರ್‌ನಲ್ಲಿ ಮಾವನವರು ಊರಿಗೆ ಹೋದರು. ಚಿತ್ರವನ್ನು ನಾವು ಹಜಾರಕ್ಕೆ ಹಾಕಿದೆವು, ಹಾಕಿ ಏನು ಬಂತು. ಮರುವರ್ಷ ಡೆವನ್‌ನವರು ತಮ್ಮ ದಾಖಲೆಯಲ್ಲಿ ಬರೆದದ್ದನ್ನು ನಾನೇ ಎನಿಡ್‌ಗೆ ಓದಿ ಹೇಳಿದೆ: ಅನಾಮಧೇಯ ಮಹಿಳೆ, ನೀರುಬಣ್ಣ, ಬಹಳ ಮಾಸಿದೆ. ಸುಳ್ಳು ಓದಬಹುದಿತ್ತು, ಅವಳಿಗೆ ಕಾಣುತ್ತಿರಲಿಲ್ಲ. ಹಾಗೆ ಓದಲು ಬಾಯಿ ಬರಲಿಲ್ಲ. ಅವಳು ನನ್ನ ಕೈ ತಟ್ಟಿ, ಕಾಫಿ ಕುಡಿಯುತ್ತೀಯಾ ಅಂದಳು. ಆ ಚಳಿಗಾಲದಲ್ಲಿ ತೀರಿಕೊಂಡಳು. ಬೇರೆ ಯಾರೂ ಇಲ್ಲದ ಕಾರಣ ಚಿತ್ರ ನಮ್ಮ ಪಾಲಿಗೇ ಬಂತು. ಸುಸಾನಾಳಿಂದ ಜೇನ್, ಜೇನ್‌ಳಿಂದ ಈಡಿತ್, ಹೋಟೆಲು, ಎನಿಡ್‌ಳ ಅಮ್ಮ, ಎನಿಡ್, ಆಮೇಲೆ ಮೈಸೂರಿನ ಚಂದ್ರಿಕಾ ಅನ್ನುವ ನಾನು.

ಮಾವನವರು ಭಾನುವಾರ ಫೋನ್ ಮಾಡುತ್ತಾರೆ. ಮಗನ ಆರೋಗ್ಯ, ಊಟ, ಮಳೆ ಎಲ್ಲ ಕೇಳಿದ ಮೇಲೆ ದನಿ ತಗ್ಗಿಸುತ್ತಾರೆ.

"ಆ ಮಚ್ಚೇನ ಸರಿಯಾಗಿ ನೋಡಿದೋನು ಈಗ ಉಳಿದಿರೋದು ನಾನೊಬ್ಬನೇ ಕಣಮ್ಮಾ. ನಾನಿರೋದ್ರೊಳಗೆ ಯಾರಾದ್ರೂ ಬಂದು ಕೇಳಿ ಬರ್ಕೊಳ್ಳಲಿ ಅಂತ ಅವರಿಗೆ ಹೇಳು."

ಹೇಳ್ತೀನಿ ಮಾವ ಅನ್ನುತ್ತೇನೆ. ಯಾರಿಗೆ ಅಂತ ಅವರು ಕೇಳುವುದಿಲ್ಲ, ಕೇಳಿದರೆ ನನಗೆ ಗೊತ್ತಿಲ್ಲ.